ಒಂದಕ್ಕೆ ಹೋಗುವ ಪ್ರಶ್ನೆ

ಎಂ.ಎಸ್.ಡಬ್ಲ್ಯು. ಮುಗಿಸಿ, ಚಿಂತಾಮಣಿಯ ಮನೆಯಲ್ಲಿ ಕೂತು, ಬ್ಯಾಂಕ್ ಪರೀಕ್ಷೆಗೆ ಕಟ್ಟುವುದು, ಫೇಲಾಗುವುದು, ಮತ್ತೆ ಕಟ್ಟುವುದು ಎಂಬ ವ್ರತವನ್ನು ನಿಷ್ಠೆಯಿಂದ ಆಚರಿಸುತ್ತಿದ್ದ ಕಾಲದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದು ನಮ್ಮ ಜಿಲ್ಲೆಯ ದುಡಿಯುವ ಹೆಂಗಸರ ಯೋಗಕ್ಷೇಮದ ಬಗ್ಗೆ ಅಧ್ಯಯನ ನಡೆಸುತ್ತಿತ್ತು. ಕನ್ನಡ, ತೆಲುಗು ಎರಡೂ ಬರುವ, ಉರ್ದುವಿನಲ್ಲಿ ಬೈದರೆ ಬೈದಿದ್ದು ಎಂದು ತಿಳಿಯುವಷ್ಟಾದರೂ ಬುದ್ಧಿಯಿರುವ ಹುಡುಗಿ ಅವರಿಗೆ ಬೇಕಿತ್ತು. ಅಂಥವರು ನಮ್ಮೂರಿನಲ್ಲಿ ಬೀದಿಬೀದಿಗೂ ಸಿಗುತ್ತಾರೆ. ಅರ್ಜಿ ಹಾಕಿದವಳು ನಾನೊಬ್ಬಳೇ ಇರಬೇಕು.

ಹೆಂಗಸರು ಕೆಲಸ ಮಾಡುವ ಕಡೆ ಹೋಗಿ, ಅವರು ಎಷ್ಟು ನೆಮ್ಮದಿಯಾಗಿದ್ದಾರೆ, ಏನು ಕಷ್ಟ, ಗಂಡ ಹೇಗೆ, ಅತ್ತೆ ಹೇಗೆ ಎಂದೆಲ್ಲ ಕೇಳಿಕೊಂಡು ಬರುವುದೇ ಕೆಲಸ ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ನಮ್ ಬೀದೀಲಿ ಎಲ್ಲಾ ಹೆಂಗಸ್ರೂ ಇಷ್ಟು ವರ್ಷದಿಂದ ಅದನ್ನ ಬಿಟ್ಟಿ ಮಾಡ್ಕೊಂಡ್ ಬಂದಿದಾರಲ್ಲೇ!"

ನಿವೃತ್ತ ಕನ್ನಡ ಮೇಷ್ಟ್ರಾದ ಅಪ್ಪ ಪೇಪರಿನ ಹಿಂದಿನಿಂದಲೇ, "ಸಮಾಜ ವಿಜ್ಞಾನ ಅಂದ್ರೆ ಅದೇ ಕಣೇ, ಚಾಡಿಗೆ ವಿಧಾನ ಸೇರ್ಸಿದ್ರೆ ಆಯ್ತು," ಎಂದರು. ಆಮೇಲೆ ಎಷ್ಟೋ ಸೆಮಿನಾರುಗಳಲ್ಲಿ ಕೂತಿದ್ದೇನೆ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಇನ್ನೂ ಕೇಳಿಲ್ಲ.

ತರಬೇತಿ ಚಿಕ್ಕಬಳ್ಳಾಪುರದಲ್ಲಿ ನಡೆಯಿತು. ಬಸ್ ಸ್ಟ್ಯಾಂಡಿಗೆ ಹತ್ತಿರ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆ. ಕೆಳಗಡೆ ಕಬ್ಬಿಣದ ಸರಳು ಇಳಿಸುವಾಗಲೆಲ್ಲ ಮೇಲೆ ಯೋಗಕ್ಷೇಮದ ವ್ಯಾಖ್ಯಾನ ನಿಂತುಹೋಗುತ್ತಿತ್ತು. ನಮ್ಮ ಅಧ್ಯಯನದ ಮುಖ್ಯಸ್ಥೆಯನ್ನು ನಾವು ಮೇಡಂ ಎಂದೇ ಕರೆಯುತ್ತಿದ್ದೆವು. ಕೈಮಗ್ಗದ ಸೀರೆಯ ಕೆಳಗೆ ಓಡುವ ಶೂ ಹಾಕಿಕೊಳ್ಳುವ, ನಗು ಬಂದರೆ ಮುಚ್ಚಿಟ್ಟುಕೊಳ್ಳದ ಹೆಂಗಸು. ಅವರ ಮನೆಮಾತು ಬೇರೆ. ಕನ್ನಡವನ್ನು ದೊಡ್ಡವರಾದ ಮೇಲೆ ಪುಸ್ತಕದಿಂದ ಕಲಿತವರು. ಹಾಗಾಗಿ ಟೀ ತಂದುಕೊಟ್ಟ ಹುಡುಗನಿಗೆ "ತಮಗೆ ಅನಂತ ವಂದನೆಗಳು" ಎನ್ನುತ್ತಿದ್ದರು. ಅವನು ಹೆದರಿಕೊಂಡು ಚಿಲ್ಲರೆ ಬಿಟ್ಟು ಓಡುತ್ತಿದ್ದ.

ನಾವು ಕೇಳಬೇಕಾಗಿದ್ದ ಪ್ರಶ್ನೆಗಳ ರಾಣಿಯೆಂದರೆ ಏಣಿಯ ಪ್ರಶ್ನೆ. ಒಂದು ಏಣಿಯ ಚಿತ್ರ. ತುದಿಯ ಮೆಟ್ಟಿಲೆಂದರೆ ನೀವು ಬಯಸಬಹುದಾದ ಅತ್ಯುತ್ತಮ ಬದುಕು, ತೀರಾ ಕೆಳಗಿನದು ಅತಿ ಕೆಟ್ಟ ಬದುಕು. ಈಗ ನೀವು ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ? ಲೋಕದ ಎಷ್ಟೋ ದೇಶಗಳಲ್ಲಿ ಜನ ಇದಕ್ಕೆ ಉತ್ತರ ಕೊಟ್ಟಿದ್ದಾರಂತೆ. ನಾನು ಅಭ್ಯಾಸಕ್ಕೆಂದು ಅಮ್ಮನ ಮುಂದೆ ಚಿತ್ರ ಹಿಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಮಂಡಿನೋವಿಟ್ಕೊಂಡು ನಾನೆಲ್ಲಿ ಏಣಿ ಹತ್ಲಿ? ಕೆಳಗೇ ಬರ್ಕೊ. ಅಟ್ಟದ ಮೇಲಿನ ದೊಡ್ಡ ಪಾತ್ರೆ ಬೇಕಾದ್ರೆ ನಿಮ್ಮಪ್ಪನ್ನ ಹತ್ತಿಸು," ಎಂದಳು.

ಅಂತೂ ಶಿಡ್ಲಘಟ್ಟಕ್ಕೆ ಹೊರಟೆ.

ಶಿಡ್ಲಘಟ್ಟ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬೀಳುವ ಊರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳದ ವಾಸನೆ ಬಸ್ಸಿನ ಕಿಟಕಿಯಿಂದಲೇ ಬಂದು ಪರಿಚಯ ಹೇಳಿಕೊಳ್ಳುತ್ತದೆ. ಮೊದಲ ದಿನ ವಾಕರಿಕೆ ಬಂತು, ಆಮೇಲೆ ತಲೆನೋವು. ಸ್ವಲ್ಪ ದಿನ ಕಳೆದ ಮೇಲೆ ನನ್ನ ದುಪಟ್ಟಾದಿಂದಲೇ ಆ ವಾಸನೆ ಬರುತ್ತಿದ್ದುದರಿಂದ ಊರಿಗೂ ನನಗೂ ರಾಜಿಯಾಯಿತು. ನೂಲು ತೆಗೆಯುವ ಘಟಕಗಳಲ್ಲಿ ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಾರೆ. ಬೆಂದ ಗೂಡಿನ ಎಳೆ ಹುಡುಕಿ ಯಂತ್ರಕ್ಕೆ ಕೊಡಬೇಕು. ಹಬೆಯಲ್ಲಿ ಮುಖ ಕೆಂಪಾಗಿರುತ್ತದೆ, ಬೆರಳ ತುದಿ ಬೆಳ್ಳಗೆ ನೆನೆದಿರುತ್ತದೆ. ಯಂತ್ರದ ಸದ್ದಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ. ಅಂಥ ಕಡೆ ಹೋಗಿ ನಾನೂ ಕಿರುಚಿದೆ: "ಅಕ್ಕಾ, ನೀವು ಎಷ್ಟು ಸಂತೋಷವಾಗಿದೀರಾ?"

ಆ ಘಟಕದಲ್ಲಿ ಎಲ್ಲರಿಗಿಂತ ಗಟ್ಟಿ ದನಿಯ ಒಬ್ಬ ಹೆಂಗಸಿದ್ದಳು. ಎರಡೂ ಹೊಳ್ಳೆಗೆ ಮೂಗುಬೊಟ್ಟು. ನನಗಿಂತ ಹೆಚ್ಚು ದೊಡ್ಡವಳಲ್ಲ, ಆದರೂ ಅವಳನ್ನು ಅಕ್ಕ ಎನ್ನದೆ ಬೇರೇನೂ ಅನ್ನಲು ಧೈರ್ಯ ಬರುವುದಿಲ್ಲ. ಅವಳು ಏಣಿಯ ಚಿತ್ರ ನೋಡಿ ತಲೆಯೆತ್ತಿದಳು.

"ಏಮ್ಮಾ, ಎಷ್ಟು ಅಂತ ಹೇಳಿದ್ರೆ ಬೇಗ ಬಿಡ್ತೀಯಾ?"

"ನಿಮಗೆ ನಿಜವಾಗ್ಲೂ ಅನ್ನಿಸಿದ್ದು ಹೇಳ್ಬೇಕಕ್ಕ."

ಅವಳು ಕಣ್ಣಂಚಿನಲ್ಲಿ ಬಾಗಿಲ ಕಡೆ ನೋಡಿದಳು. ಅಲ್ಲಿ ಘಟಕದ ಯಜಮಾನರು ನಿಂತಿದ್ದರು. ದುಂಡುಮುಖದ, ಬಹಳ ಮರ್ಯಾದೆಯ ಮನುಷ್ಯ. "ಕೇಳಿ ಮೇಡಂ, ಧಾರಾಳವಾಗಿ ಕೇಳಿ, ನಮ್ ಹೆಣ್ಮಕ್ಳು ಮನೆಮಕ್ಳಿದ್ದಂಗೆ," ಎನ್ನುತ್ತ ನನಗೆ ಎರಡನೇ ಸಲ ಟೀ ತರಿಸಿದರು.

"ತುದೀಲಿದೀವಿ ಅಂತ ಬರ್ಕೊಮ್ಮ," ಎಂದಳು ಅಕ್ಕ. ಪಕ್ಕದವಳು ತನ್ನದೂ ತುದಿಯೇ ಎಂದಳು. ಅದರಾಚೆಯವಳು ತೆಲುಗಿನಲ್ಲಿ "ಮೇಮಂತಾ ಬಾಗುನ್ನಾಮಮ್ಮ" ಎಂದು, ಎಲ್ಲರೂ ಚೆನ್ನಾಗಿದ್ದೇವೆಂದು ಇಡೀ ಸಾಲಿನ ಪರವಾಗಿ ಹೇಳಿಬಿಟ್ಟಳು. ಆ ವಾರ ನಾನು ಹೋದ ಘಟಕಗಳಲ್ಲೆಲ್ಲ ಇದೇ ಕತೆ. ನಮ್ಮ ಲೆಕ್ಕದ ಪ್ರಕಾರ ಭೂಮಿಯ ಮೇಲಿನ ಅತ್ಯಂತ ಸುಖಿಗಳು ಶಿಡ್ಲಘಟ್ಟದಲ್ಲಿ ಗೂಡು ಬೇಯಿಸುತ್ತಿದ್ದರು.

ಇಷ್ಟೇ ಆಗಿದ್ದರೆ ನಮ್ಮ ಅಧ್ಯಯನ ಅಲ್ಲಿಗೇ ಮುಗಿದು, ಯಾವುದೋ ಕಪಾಟು ಸೇರುತ್ತಿತ್ತು. ಅದನ್ನು ಉಳಿಸಿದ್ದು ಟೀ.

ಹೋದ ಕಡೆಯಲ್ಲೆಲ್ಲ ಯಜಮಾನರು ಟೀ ಕೊಡುತ್ತಿದ್ದರು. ಬೇಡವೆಂದರೆ ಅವಮಾನ. ಒಂದು ಮಧ್ಯಾಹ್ನ ಮೂಗುಬೊಟ್ಟಿನ ಅಕ್ಕನ ಘಟಕಕ್ಕೆ ಇನ್ನೊಮ್ಮೆ ಹೋಗುವ ಹೊತ್ತಿಗೆ ಹೊಟ್ಟೆಯಲ್ಲಿ ಅರ್ಧ ಶಿಡ್ಲಘಟ್ಟದ ಟೀ ಇತ್ತು. ಪ್ರಶ್ನೆ ಕೇಳುತ್ತ ಕೇಳುತ್ತ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸತೊಡಗಿದೆ. ನೆರೆಹೊರೆಯವರ ಮೇಲೆ ವಿಶ್ವಾಸವಿದೆಯೇ ಎಂಬ ಪ್ರಶ್ನೆಗೆ ಬಂದಾಗ ಇನ್ನು ತಡೆಯಲಾಗದೆ ಅಕ್ಕನ ಕಿವಿಯಲ್ಲಿ ಕೇಳಿದೆ.

"ಅಕ್ಕಾ, ಇಲ್ಲಿ ಟಾಯ್ಲೆಟ್ ಎಲ್ಲಿದೆ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಯಂತ್ರದ ಸದ್ದನ್ನೂ ಮೀರಿಸಿ ಇಡೀ ಸಾಲಿಗೆ ಕೂಗಿ ಹೇಳಿದಳು: "ಲೇ, ಈ ಯಮ್ಮ ಟಾಯ್ಲೆಟ್ ಎಲ್ಲೈತೆ ಅಂತ ಕೇಳ್ತವ್ಳೆ ಕಣ್ರೇ!"

ನಕ್ಕರು ನೋಡಿ! ಒಬ್ಬಳು ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕಳು. ಒಬ್ಬಳಿಗೆ ಬಿಕ್ಕಳಿಕೆ ಬಂತು. ಸಾಲಿನ ಕೊನೆಯಲ್ಲಿದ್ದ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ವಯಸ್ಸಾದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾಪ್ರೇ! ಇನ್ನೊಂದ್ ಸಲ ಕೇಳು ಬೇಟಿ, ನನ್ಗೆ ಸರೀಗ್ ಕೇಳಿಸ್ಲಿಲ್ಲ," ಎಂದು ಮತ್ತೆ ನಕ್ಕಳು. ನನಗೂ ನಗು ಬಂತು. ಆದರೆ ನಗುವ ಪರಿಸ್ಥಿತಿಯಲ್ಲಿ ನಾನಿರಲಿಲ್ಲ.

ಅಕ್ಕನೇ ಕೈಯೊರೆಸಿಕೊಂಡು ನನ್ನನ್ನು ಕರೆದುಕೊಂಡು ಹೊರಟಳು. ಘಟಕದ ಹಿಂದೆ ಒಂದು ಪಾಳು ಗೋದಾಮು, ಅದರ ಹಿಂದೆ ಜಾಲಿಗಿಡಗಳು. ಒಬ್ಬಳು ಕೂತರೆ ಇನ್ನೊಬ್ಬಳು ಸೆರಗು ಅಗಲಿಸಿಕೊಂಡು ಕಾಯಬೇಕು. ಹಗಲಲ್ಲಿ ಆ ಕಡೆ ಲಾರಿಯವರು, ಸೌದೆಯವರು ಓಡಾಡುತ್ತಿರುತ್ತಾರೆ. ಆದ್ದರಿಂದ ಹೆಂಗಸರು ಮನೆಯಲ್ಲಿ ಬೆಳಗ್ಗೆ ಮುಗಿಸಿಕೊಂಡು ಬಂದರೆ ಮತ್ತೆ ಸಂಜೆ ಮನೆಗೆ ಹೋದ ಮೇಲೆಯೇ. ಗಂಡಸರಿಗೆ ಈ ತಾಪತ್ರಯವಿಲ್ಲ. ಅವರಿಗೆ ಗೋಡೆಯೊಂದಿದ್ದರೆ ಸಾಕು, ಗೋಡೆಗಳಿಗೆ ಶಿಡ್ಲಘಟ್ಟದಲ್ಲಿ ಬರವಿಲ್ಲ. ಯಜಮಾನರಿಗೆ ಪಕ್ಕದಲ್ಲೇ ಸ್ವಂತ ಮನೆಯಿತ್ತು.

"ಮತ್ತೆ ನೀರು ಕುಡಿದ್ರೆ ಏನ್ ಮಾಡ್ತೀರಕ್ಕ?" ಎಂದು ವಾಪಸ್ಸು ಬರುವಾಗ ಕೇಳಿದೆ.

"ಕುಡಿಯಲ್ಲ," ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. "ದಿನಾ ನೀರಲ್ಲೇ ಕೈಯಿಟ್ಕೊಂಡು ನಿಂತಿರ್ತೀವಿ. ಕುಡಿಯೋಕೆ ಮಾತ್ರ ಹೆದ್ರಿಕೆ."

ಆ ಸಂಜೆ ಚಿಕ್ಕಬಳ್ಳಾಪುರದ ಕೋಣೆಯಲ್ಲಿ ಇದನ್ನೊಂದು ತಮಾಷೆಯ ಕತೆಯಾಗಿಯೇ ಮೇಡಂಗೆ ಹೇಳಿದೆ, ಖಾಲಾಳ ದನಿ ಅನುಕರಿಸಿ. ಮೇಡಂ ನಗುತ್ತ ಕೇಳುತ್ತಿದ್ದವರು ನೀರಿನ ವಿಷಯ ಬಂದಾಗ ನಗುವುದನ್ನು ನಿಲ್ಲಿಸಿದರು.

"ಅವರಿಗೆ ಉರಿಮೂತ್ರದ ತೊಂದರೆ ಇದೆಯೇ?"

"ಉಷ್ಣ ಅಂತಾರೆ ಮೇಡಂ. ಎಲ್ರೂ ಅಂತಾರೆ. ಕಾಮಕಸ್ತೂರಿ ಬೀಜ ನೆನೆಸ್ಕೊಂಡು ಕುಡೀತಾರೆ."

"ಎಲ್ಲರೂ?"

"ಅವರವರ ಮೈ ಉಷ್ಣದ ಮೈ ಅಂತೆ. ಒಬ್ಬೊಬ್ರೂ ತನ್ನ ಮೈ ಮಾತ್ರ ಹಂಗೆ ಅಂದ್ಕೊಂಡಿದಾರೆ."

ಮೇಡಂ ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ಆಮೇಲೆ ತಮ್ಮ ಪುಸ್ತಕದ ಕನ್ನಡದಲ್ಲಿ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ಒಬ್ಬಳಿಗೆ ಆದರೆ ಅದು ಅವಳ ದೇಹಪ್ರಕೃತಿ. ಒಂದು ಸಾಲಿಗೆ ಸಾಲೇ ಆದರೆ ಅದು ದೇಹದ್ದಲ್ಲ, ಕಟ್ಟಡದ್ದು. ಆದರೆ ಎಲ್ಲರನ್ನೂ ಕೇಳದೆ ಅದು ಗೊತ್ತಾಗುವುದು ಹೇಗೆ?"

ಎಂ.ಎಸ್.ಡಬ್ಲ್ಯು.ವಿನಲ್ಲಿ ಅಷ್ಟೂ ದಿನ ಕೂತು ಏನು ಓದಿದ್ದೆನೋ ಅದು ನನಗೆ ಅವತ್ತು ಅರ್ಥವಾಯಿತು. ಮೂತ್ರದ ದೆಸೆಯಿಂದ ಅರ್ಥವಾಯಿತು ಎಂದು ಎಲ್ಲಿಯೂ ಹೇಳಿಕೊಳ್ಳುವಂತಿರಲಿಲ್ಲ, ಅಷ್ಟೆ.

ಎಲ್ಲರನ್ನೂ ಕೇಳುವುದೆಂದು ತೀರ್ಮಾನವಾಯಿತು. ಹೇಗೆ ಕೇಳುವುದು ಎಂಬುದು ಮುಂದಿನ ಪ್ರಶ್ನೆ. ಮೇಡಂ ಬರೆದ ವಾಕ್ಯ ಹೀಗಿತ್ತು: "ಕಾರ್ಯನಿರತ ಅವಧಿಯಲ್ಲಿ ತಾವು ಮೂತ್ರ ವಿಸರ್ಜನೆಯನ್ನು ಎಲ್ಲಿ ಮಾಡುವಿರಿ?" ನಾನು ಅದನ್ನು ಓದಿ, "ಮೇಡಂ, ಇದನ್ನ ಕೇಳಿದ್ರೆ ಲ್ಯಾಬಿನವಳು ಅಂದ್ಕೊಂಡು ಬಾಟ್ಲಿ ತಂದುಕೊಡ್ತಾರೆ," ಎಂದೆ. ಹಾಗಾದರೆ ಸಭ್ಯವಾದ ಬೇರೆ ಪದ ಯಾವುದು? ಅಪ್ಪನಿಗೆ ಫೋನ್ ಮಾಡಿದೆ. ಮೇಷ್ಟ್ರಿಗೆ ನಿವೃತ್ತಿಯಾದ ಮೇಲೆ ಇಷ್ಟು ಗಂಭೀರವಾದ ಭಾಷಾ ಸಮಸ್ಯೆಯನ್ನು ಯಾರೂ ಕೊಟ್ಟಿರಲಿಲ್ಲ. ಯೋಚಿಸಿ ಹೇಳುತ್ತೇನೆಂದು ಫೋನಿಟ್ಟು, ಊಟವಾದ ಮೇಲೆ ತಾವೇ ಮಾಡಿ, "ಜಲಬಾಧೆ ಅಂತ ಹಾಕಮ್ಮ. ಹಳೇ ಪದ, ಅಂದವಾದ ಪದ, ಯಾರಿಗೂ ಮುಜುಗರ ಆಗಲ್ಲ," ಎಂದರು. ಮೇಡಂಗೂ ಬಹಳ ಹಿಡಿಸಿತು.

ಮಾರನೇ ದಿನವೇ ಪರೀಕ್ಷಿಸಿದೆ. "ಖಾಲಾ, ಕೆಲಸದ ಹೊತ್ತಲ್ಲಿ ಜಲಬಾಧೆ ಆದ್ರೆ ಏನ್ ಮಾಡ್ತೀರಾ?"

"ಅಯ್ಯೋ, ಅದನ್ನೇನ್ ಕೇಳ್ತೀಯಮ್ಮ," ಎಂದಳು ಖಾಲಾ. "ನಮ್ ಗಲ್ಲೀಲಿ ಅದೇ ಬಾಧೆ. ಟ್ಯಾಂಕರ್ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಬೋರ್‌ವೆಲ್ ಕೆಟ್ಟೋಗಿ ಕೂತೈತೆ. ಬರ್ಕೋ, ಬರ್ಕೋ."

ಕೊನೆಗೆ ಹುಟ್ಟಿದ ದಿನದಿಂದ ಎಲ್ಲರಿಗೂ ಗೊತ್ತಿರುವ "ಒಂದಕ್ಕೆ ಹೋಗೋದು" ಎಂಬುದೇ ಗೆದ್ದಿತು. ಘಟಕಗಳಲ್ಲಿ ಕೇಳುವುದನ್ನೂ ಬಿಟ್ಟೆವು. ಯಜಮಾನರ ಕಣ್ಣಳತೆಯಲ್ಲಿ ಎಲ್ಲರೂ ಏಣಿಯ ತುದಿಯಲ್ಲೇ ಇರುತ್ತಾರೆ. ಸಂಜೆ ಅವರವರ ಮನೆಗೆ ಹೋಗಿ, ಹೊಸಿಲ ಮೇಲೆ ಕೂತು, ಸೊಪ್ಪು ಬಿಡಿಸಿಕೊಡುತ್ತ ಕೇಳಿದೆ. ಅಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ನಾನೇ ಮೊದಲು ಅವತ್ತಿನ ನನ್ನ ಫಜೀತಿ ಹೇಳುತ್ತಿದ್ದೆ. ಅದು ಆಗಲೇ ಊರೆಲ್ಲ ಹರಡಿತ್ತು. "ಓ, ಆ ಯಮ್ಮ ನೀನೇನಾ!" ಎಂದು ನಕ್ಕು ಒಳಗೆ ಕರೆಯುತ್ತಿದ್ದರು.

ಮೇಡಂ ಇನ್ನೊಂದು ಕೆಲಸ ಮಾಡಿದರು. ಆ ಊರಿನಲ್ಲೂ ಚಿಂತಾಮಣಿಯ ದಾರಿಯಲ್ಲೂ ಹೆಂಗಸರಿಗೆಂದೇ ಟಾಯ್ಲೆಟ್ ಕಟ್ಟಿಸಿದ್ದ ಕೆಲವು ಘಟಕಗಳಿದ್ದವು. ಅಲ್ಲಿಯ ಹೆಂಗಸರಿಗೂ ಅದೇ ಪ್ರಶ್ನೆಗಳನ್ನು ನನ್ನಿಂದ ಕೇಳಿಸಿದರು. ಅದೇ ಬಿಸಿನೀರು, ಅದೇ ಹಬೆ, ಅದೇ ಗೂಡು. ಆದರೆ ಅಲ್ಲಿ ಹೆಂಗಸರ ಪಕ್ಕದಲ್ಲಿ ನೀರಿನ ಬಾಟ್ಲಿ ಇರುತ್ತಿತ್ತು. ಅವರ ಮೈ ಅಷ್ಟೊಂದು ಉಷ್ಣದ್ದಾಗಿರಲಿಲ್ಲ. ಇಷ್ಟಲ್ಲದೆ, ನಾವು ಕೇಳಿದ್ದ ಬೇರೊಂದು ಪ್ರಶ್ನೆಯಿಂದ ಅನಿರೀಕ್ಷಿತವಾಗಿ ಇನ್ನೊಂದು ಸಂಗತಿ ಹೊರಬಿತ್ತು: ಅಂಥ ಘಟಕಗಳ ಹೆಂಗಸರು ಕೆಲಸ ಬಿಟ್ಟು ಬೇರೆ ಕಡೆ ಹೋಗುವುದು ಕಡಿಮೆ.

ಅಷ್ಟರಲ್ಲಿ ಒಂದು ಬೆಳಗ್ಗೆ ಮೂಗುಬೊಟ್ಟಿನ ಅಕ್ಕ ಫೋನ್ ಮಾಡಿದಳು. ಹಲೋ ಎನ್ನುವ ಮೊದಲೇ ಬೈಗುಳ ಶುರುವಾಯಿತು. ತೆಲುಗಿನಲ್ಲಿ ಆರಂಭಿಸಿ, ಕನ್ನಡಕ್ಕೆ ಬಂದು, ಉಸಿರು ತೆಗೆದುಕೊಂಡು ಮತ್ತೆ ತೆಲುಗಿಗೆ ಹೋದಳು. ವಿಷಯ ಇಷ್ಟು: ಹೊರಗಿನವರಿಗೆ ಘಟಕದ ಮಾತು ಹೇಳಿದಳೆಂದು ಯಜಮಾನರು ಅವಳಿಗೆ ನಾಳೆಯಿಂದ ಬರಬೇಡ ಎಂದಿದ್ದರು. "ನೀನು ಒಂದಕ್ಕೆ ಹೋಗಿ ಬಂದೆ, ನನ್ ಕೆಲ್ಸ ಹೋಯ್ತು!" ಎಂದು ಕಿರುಚಿದಳು.

ಮೇಡಂ, ನಾನು ಇಬ್ಬರೂ ಯಜಮಾನರ ಮನೆಗೆ ಹೋದೆವು. ಅವರು ಅದೇ ಮರ್ಯಾದೆಯಿಂದ ಕೂರಿಸಿ ಟೀ ಕೊಟ್ಟರು. ನಾವು ಕುಡಿಯಲಿಲ್ಲ. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ರಜೆ ಕೊಟ್ಟಿದ್ದೇನೆ ಅಷ್ಟೆ ಎಂದರು. ಮೇಡಂ ಬಹಳ ಹೊತ್ತು ವಾದಿಸಿದರು. ಅವರ ಪುಸ್ತಕದ ಕನ್ನಡ ಸಿಟ್ಟಿನಲ್ಲಿ ಇನ್ನೂ ಅಲಂಕಾರಿಕವಾಗಿ, "ಇದು ತಮ್ಮ ಘನತೆಗೆ ತಕ್ಕುದಲ್ಲ" ಎಂದೆಲ್ಲ ಹೇಳಿದರು. ಯಜಮಾನರು ಕೈಮುಗಿದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಏನೂ ಆಗಲಿಲ್ಲ. ನಾವು ಬಂದು, ಕೇಳಿ, ಬರೆದುಕೊಂಡು ಹೋಗುವವರು. ಉತ್ತರ ಕೊಟ್ಟವರು ಅಲ್ಲೇ ಇರಬೇಕಾದವರು. ಅವರಿಗೆ ನಮ್ಮಿಂದ ತೊಂದರೆಯಾಗಬಾರದು ಎಂಬುದನ್ನು ತರಬೇತಿಯಲ್ಲಿ ಸಂಶೋಧನೆಯ ನೀತಿ ಎಂದು ಹೇಳಿಕೊಟ್ಟಿದ್ದರು. ಅಕ್ಕನ ಕೆಲಸ ಉಳಿಸಲು ಆ ಪಾಠ ಸಾಲಲಿಲ್ಲ.

ಅಕ್ಕ ಮಾತ್ರ ನಮ್ಮಷ್ಟು ದಿನ ದುಃಖಪಡಲಿಲ್ಲ. ನಾವು ಅವಳ ಮನೆಗೆ ಹೋಗುವ ಹೊತ್ತಿಗೆ ಬೇರೊಂದು ಘಟಕ ಸೇರಿಯಾಗಿತ್ತು. "ಎಳೆ ಹಿಡಿಯೋ ಕೈಗೆ ಇಲ್ಲಿ ಯಾವಾಗ್ಲೂ ಕೆಲ್ಸ ಐತಮ್ಮ. ಆದ್ರೂ ನಿನ್ನ ಬೈದಿದ್ದು ಬೈದಿದ್ದೇ," ಎಂದಳು. ಬೈಗುಳ ವಾಪಸ್ಸು ತಗೊಳ್ಳಲಿಲ್ಲ. ನಾನೂ ಕೇಳಲಿಲ್ಲ.

ವರದಿ ಸಿದ್ಧವಾದಾಗ ಅದರಲ್ಲಿ ಯಾವ ಘಟಕದ, ಯಾವ ಹೆಂಗಸಿನ ಹೆಸರೂ ಬರದಂತೆ ಮೇಡಂ ನೋಡಿಕೊಂಡರು. ಶಿಡ್ಲಘಟ್ಟದಲ್ಲೇ ಒಂದು ಸಭಾಂಗಣದಲ್ಲಿ ಸಭೆ ಕರೆದರು. ಮುಂದಿನ ಸಾಲಿನಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು, ಅವರ ಹಿಂದೆ ಘಟಕಗಳ ಯಜಮಾನರು, ತೀರಾ ಹಿಂದೆ, ಬಾಗಿಲ ಪಕ್ಕ, ಹೆಂಗಸರು. ಮೇಡಂ ಪರದೆಯ ಮೇಲೆ ಮೊದಲ ಚಿತ್ರ ಹಾಕಿದರು. "ನೈರ್ಮಲ್ಯ ಸೌಲಭ್ಯಗಳ ಅಸಮಾನ ಲಭ್ಯತೆ" ಎಂದಿತ್ತು. ಅಪ್ಪ ನೋಡಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು. ಅಧಿಕಾರಿಗಳು ಮೊಬೈಲಿಂದ ತಲೆಯೆತ್ತಿ, "ಯಾವ ಸೌಲಭ್ಯ ಮೇಡಂ?" ಎಂದರು.

"ಮೂಲಭೂತ ಸೌಲಭ್ಯ."

"ಅದೇ, ಯಾವುದು?"

ಮೇಡಂ ನನ್ನ ಕಡೆ ನೋಡಿದರು. ನಾನು ಸಭೆಯ ಕಡೆ ನೋಡಿದೆ. ಅಷ್ಟು ಜನ ಗಂಡಸರ ಮುಂದೆ, ಹೊಸಿಲ ಮೇಲೆ ಕೂತು ನೂರು ಸಲ ಆಡಿದ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಯಾರೋ ಯಜಮಾನರೊಬ್ಬರು, "ಏನೋ... ಹೆಣ್ಮಕ್ಕಳ ವಿಷ್ಯ ಇರ್ಬೇಕು ಸಾರ್," ಎಂದರು. ಇನ್ನೊಬ್ಬರು ಕೆಮ್ಮಿದರು. ದುಂಡುಮುಖದ ಯಜಮಾನರು ಎದ್ದುನಿಂತರು.

"ಸಾರ್, ನಮ್ಮ ತಂದೆ ಕಾಲದಿಂದ ಘಟಕ ನಡೀತಾ ಇದೆ. ನಮ್ ಹೆಣ್ಮಕ್ಳು ಇವತ್ತಿನವರೆಗೂ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳಿಲ್ಲ. ಬೇಕಾದ್ರೆ ಇಲ್ಲೇ ಇದಾರೆ, ಕೇಳಿ."

ಹಿಂದಿನಿಂದ ಖಾಲಾ ಎದ್ದಳು. ಅವಳು ಈ ಯಜಮಾನರ ತಂದೆಯ ಕಾಲದಿಂದ ಅಲ್ಲಿ ದುಡಿದವಳು.

"ಒಂದಕ್ಕೆ ಹೋಗೋಕೆ ಜಾಗ ಇಲ್ಲ ಸಾಹೇಬ್ರೇ. ಅಷ್ಟೇ ವಿಷ್ಯ. ಕೇಳೋಕೆ ನಾಚ್ಕೆ ಆಯ್ತು, ಕೇಳಿಲ್ಲ." ಆಮೇಲೆ ಯಜಮಾನರ ಕಡೆ ತಿರುಗಿದಳು. "ನೀನ್ಯಾಕಪ್ಪ ನಾಚ್ಕೋತೀಯ? ನಿನ್ ಒದ್ದೆ ಚಡ್ಡಿ ಎಷ್ಟ್ ಸಲ ಬಿಚ್ಚಿದೀನಿ ನಾನು. ನಿಮ್ಮಮ್ಮ ನನ್ ಕೈಗೇ ಕೊಟ್ಟು ಅಡ್ಗೆಮನೆಗೆ ಹೋಗೋರು."

ಸಭೆ ಎನ್ನುವುದು ಅಲ್ಲಿಗೆ ಮುಗಿಯಿತು, ಸಂತೆ ಆಯಿತು. ಅಧಿಕಾರಿಗಳು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಯಜಮಾನರುಗಳೇ ಎಲ್ಲರಿಗಿಂತ ಹೆಚ್ಚು ನಕ್ಕರು. ದುಂಡುಮುಖದವರು ಕಿವಿಯವರೆಗೆ ಕೆಂಪಾಗಿ, ಕೊನೆಗೆ ತಾವೂ ನಕ್ಕು, "ಖಾಲಾ, ಕೂತ್ಕೊಳ್ಳಿ ಖಾಲಾ," ಎಂದು ಬೇಡಿಕೊಂಡರು. ಆ ಗಲಾಟೆಯಲ್ಲಿ ಉಳಿದ ಹೆಂಗಸರ ಬಾಯೂ ಬಿಚ್ಚಿತು. ಜಾಲಿಗಿಡ, ಲಾರಿಯವರು, ಉಷ್ಣ ಎಲ್ಲ ಹೊರಗೆ ಬಂದವು. ಒಬ್ಬಳು ಇನ್ನೊಬ್ಬಳ ಕಡೆ ತಿರುಗಿ, "ನಿನ್ಗೂ ಹಂಗೇನಾ? ನನ್ಗೊಬ್ಳಿಗೇ ಅಂದ್ಕೊಂಡಿದ್ದೆ," ಎಂದಿದ್ದು ನನ್ನ ಕಿವಿಗೆ ಬಿತ್ತು.

ಇಷ್ಟಾದರೂ ನಗುವುದಕ್ಕೂ ಗೋಡೆ ಕಟ್ಟಿಸುವುದಕ್ಕೂ ಬಹಳ ದೂರವಿದೆ. ಅಧಿಕಾರಿಗಳು ಕಾನೂನು ಹೇಳಿದರು. ಯಜಮಾನರು ತಲೆಯಾಡಿಸಿದರು, ಮದುವೆಮನೆಯಲ್ಲಿ ಪುರೋಹಿತರ ಮಂತ್ರಕ್ಕೆ ತಲೆಯಾಡಿಸುವ ಹಾಗೆ. ಮೇಡಂ ಆಗ ಕೊನೆಯ ಚಿತ್ರ ಹಾಕಿದರು. ಟಾಯ್ಲೆಟ್ ಇರುವ ಘಟಕಗಳಲ್ಲಿ ಹೆಂಗಸರು ಕೆಲಸ ಬಿಡುವುದು ಕಡಿಮೆ ಎಂಬುದನ್ನು ನಾನು ಶಿಡ್ಲಘಟ್ಟದ ಕನ್ನಡದಲ್ಲಿ ಹೇಳಿದೆ. ನಿಪುಣ ಕೈಗಳನ್ನು ಒಬ್ಬರಿಂದ ಒಬ್ಬರು ಎಳೆದುಕೊಳ್ಳುವುದೇ ಆ ಊರಿನ ಯಜಮಾನರ ದಿನನಿತ್ಯದ ಯುದ್ಧ. ಯಜಮಾನರುಗಳು ಕುರ್ಚಿ ಮುಂದಕ್ಕೆಳೆದುಕೊಂಡರು.

"ಇದನ್ನ ಮೊದ್ಲೇ ಹೇಳ್ಬೇಕಿತ್ತಲ್ಲ ಮೇಡಂ," ಎಂದರು ದುಂಡುಮುಖದವರು.

ನ್ಯಾಯದ ಹೆಸರಿನಲ್ಲಿ ಆಗದ ಕೆಲಸ ಲಾಭದ ಹೆಸರಿನಲ್ಲಾದರೆ ಸಂತೋಷಪಡಬೇಕೋ ಬೇಡವೋ ಎಂದು ಮೇಡಂ ಆಮೇಲೆ ಒಂದು ದೊಡ್ಡ ಪ್ರಬಂಧ ಬರೆದರು. ಹೆಂಗಸರು ಆ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಲಿಲ್ಲ. ಗೋಡೆಗಳು ಎದ್ದವು, ಎಲ್ಲ ಕಡೆಯಲ್ಲ, ಅಷ್ಟಿಷ್ಟು ಕಡೆ. ಒಂದು ಕಡೆ ಕಟ್ಟಿಸಿ ಒಳಗೆ ಸೌದೆ ತುಂಬಿದರು. ಇನ್ನೊಂದು ಕಡೆ ಬಾಗಿಲಿಗೆ ಹೊರಗೆ ಮಾತ್ರ ಚಿಲಕ, ಒಳಗಿಲ್ಲ. ಯಾರ ರಕ್ಷಣೆಗೆಂದು ದೇವರಿಗೇ ಗೊತ್ತು. ಎಲ್ಲಕ್ಕಿಂತ ಭವ್ಯವಾದದ್ದು ದುಂಡುಮುಖದವರದೇ. ಮನೆ ರಿಪೇರಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣದ ಟೈಲ್ಸ್ ಹಾಕಿಸಿ, ಬಾಗಿಲ ಮೇಲೆ ಕಮಲದ ಹೂವು ಬರೆಸಿದರು. ಆಮೇಲೆ ಮೂಗುಬೊಟ್ಟಿನ ಅಕ್ಕನ ಮನೆಗೆ ತಾವೇ ಹೋಗಿ ವಾಪಸ್ಸು ಕರೆದರು. ಅಕ್ಕ ತಕ್ಷಣ ಒಪ್ಪಲಿಲ್ಲ. ಮೊದಲು ಹೋಗಿ ಒಳಗಿನ ಚಿಲಕ ಹಾಕಿ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಹೊಸ ಬಕೆಟ್ ಬೇಕೆಂದಳು. ಬಕೆಟ್ ಬಂದ ಮೇಲೆ ಕೆಲಸಕ್ಕೆ ಬಂದಳು.

ಮಾರನೇ ವರ್ಷ ನಾವು ಅದೇ ಹೆಂಗಸರ ಮನೆಗಳಿಗೆ ಮತ್ತೆ ಏಣಿಯ ಚಿತ್ರ ಹಿಡಿದು ಹೋದೆವು. ತುದಿಯಲ್ಲಿದ್ದವರಿಗೆ ಮೇಲೆ ಏರಲು ಇನ್ನು ಮೆಟ್ಟಿಲೇ ಇರುವುದಿಲ್ಲವೆಂದು ನಾನು ತಿಳಿದಿದ್ದೆ. ಆದರೆ ಎಲ್ಲರೂ ಇಳಿದುಬಿಟ್ಟಿದ್ದರು! ಅಕ್ಕ ಚಿತ್ರದ ಮಧ್ಯೆ ಬೆರಳಿಟ್ಟಳು.

"ಹೋದ್ಸಲ ತುದೀಲಿದ್ರಲ್ಲಕ್ಕ?"

"ಹೋದ್ಸಲ ಸುಳ್ಳು ಹೇಳಿದ್ದೆ. ಈಗ ನೋಡು, ಒಂದು ಕೇಳಿದ್ವಿ, ಸಿಕ್ತು. ಇನ್ನೂ ಕೇಳೋದು ಬೇಕಾದಷ್ಟೈತೆ. ಕೂತ್ಕೊಳ್ಳೋಕೆ ಸ್ಟೂಲು, ಹಬೆ ಹೋಗೋಕೆ ಕಿಟಕಿ... ಅದೆಲ್ಲ ಬಂದಾಗ ಮೇಲಕ್ಕ್ ಹತ್ತೋಣ."

ನಾನು ನಿರಾಶೆಯಿಂದ ಮೇಡಂಗೆ ಹೇಳಿದರೆ ಅವರು ಶೂ ಹಾಕಿದ ಕಾಲಲ್ಲಿ ಕೋಣೆಯೊಳಗೆ ಒಂದು ಸುತ್ತು ಕುಣಿದೇಬಿಟ್ಟರು. ಕೆಳಗೆ ಹಾರ್ಡ್‌ವೇರ್ ಅಂಗಡಿಯವರು ಸೂರು ನೋಡಿರಬೇಕು.

ಅದೇ ಸುಮಾರಿಗೆ ಗೌರಿಬಿದನೂರಿನಿಂದ ನನಗೊಂದು ಸಂಬಂಧ ಬಂತು. ಹುಡುಗ, ಅವನ ತಾಯಿ, ಹೈಸ್ಕೂಲಿನಲ್ಲಿ ಟೀಚರಾಗಿದ್ದ ಅವನ ಸೋದರತ್ತೆ, ಇಷ್ಟು ಜನ ಬಂದಿದ್ದರು. ಹುಡುಗಿಯ ಕೆಲಸವೇನೆಂದು ಕೇಳಿದರು. ಸಂಶೋಧನಾ ಸಹಾಯಕಿ ಎಂದು ಹೇಳಲು ಅಪ್ಪ ಮೊದಲೇ ಹೇಳಿಕೊಟ್ಟಿದ್ದರು. ಅಮ್ಮ ಉಪ್ಪಿಟ್ಟು ಬಡಿಸುತ್ತ, "ಹೆಂಗಸ್ರು ಒಂದಕ್ಕೆ ಎಲ್ಲಿಗೋಗ್ತಾರೆ ಅಂತ ಕೇಳೋ ಕೆಲ್ಸ. ಇವಳು ಕೇಳಿ ಕೇಳಿ ಶಿಡ್ಲಘಟ್ಟದಲ್ಲಿ ಟಾಯ್ಲೆಟ್ ಕಟ್ಟಿಸ್ಬಿಟ್ಳು," ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ನಾನು ಅದನ್ನು ಅವತ್ತೇ ಮೊದಲು ಕೇಳಿದ್ದು.

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ಹುಡುಗ ಗಡಿಯಾರ ನೋಡಿದ. ಸಂಬಂಧ ಅಲ್ಲಿಗೆ ಮುರಿಯಿತೆಂದು ಎಲ್ಲರಿಗೂ ತಿಳಿಯಿತು. ಅಪ್ಪ ಕೂಡ ನಿಟ್ಟುಸಿರು ಬಿಟ್ಟು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಹೊರಡುವಾಗ ಆ ಟೀಚರ್ ಅತ್ತೆ ಕೈತೊಳೆಯುವ ನೆಪದಲ್ಲಿ ನನ್ನ ಹಿಂದೆ ಹಿತ್ತಲಿಗೆ ಬಂದರು. ಇಸ್ತ್ರಿ ಸೀರೆ, ಚಿನ್ನದ ಚೌಕಟ್ಟಿನ ಕನ್ನಡಕ, ತುಂಬಾ ಶಿಸ್ತಿನ ಮುಖ. ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು.

"ನಮ್ ಸ್ಕೂಲಲ್ಲೂ ಒಂದು ಇದೆಯಮ್ಮ, ಆದ್ರೆ ಬೀಗ ಹಾಕಿರ್ತಾರೆ. ಒಳಗೆ ಹಳೇ ಬೆಂಚ್ ತುಂಬಿದಾರೆ. ನಾನು ಕೆಲ್ಸಕ್ಕೆ ಸೇರಿದಾಗಿಂದ ಸ್ಕೂಲಲ್ಲಿ ನೀರು ಕುಡಿದವಳಲ್ಲ. ದೊಡ್ಡ ಹುಡುಗೀರು ಆ ನಾಲ್ಕು ದಿನ ಬರೋದೇ ಇಲ್ಲ. ಹೆಡ್‌ಮಾಷ್ಟ್ರ ಹತ್ರ ಹೆಂಗ್ ಹೇಳೋದು ಅಂತ ಸುಮ್ನಿದೀನಿ." ಕನ್ನಡಕ ಸರಿಮಾಡಿಕೊಂಡು, "ನಂದೂ ಉಷ್ಣದ ಮೈ," ಎಂದರು.

"ನಿಮ್ಮ ಸ್ಕೂಲಲ್ಲಿ ಬೇರೆ ಟೀಚರ್‌ಗಳೂ ಇದಾರಲ್ಲ ಮೇಡಂ, ಅವ್ರನ್ನ ಕೇಳಿದೀರಾ?"

"ಛೆ, ಅದನ್ನೆಲ್ಲ ಹೆಂಗ್ ಕೇಳ್ತಾರಮ್ಮ?"

"ನಾನ್ ಬರ್ತೀನಿ," ಎಂದೆ. "ನಂಗೆ ಅದೇ ಕೆಲ್ಸ."

ಅವರು ಫೋನ್ ನಂಬರ್ ಕೊಟ್ಟರು. ಹೊರಗೆ ಕಾರಿನಲ್ಲಿ ಹುಡುಗ ಹಾರನ್ ಹೊಡೆಯುತ್ತಿದ್ದ. ಅತ್ತೆ ಅವಸರ ಮಾಡಲಿಲ್ಲ. ಅಡುಗೆಮನೆಗೆ ಬಂದು, ಅಮ್ಮನ ಹತ್ತಿರ ಒಂದು ಲೋಟ ನೀರು ಕೇಳಿ ಪೂರ್ತಿ ಕುಡಿದು, "ಹೊರಡೋಕೆ ಮುಂಚೆ ಒಂಚೂರು ನಿಮ್ಮ ಬಚ್ಚಲುಮನೆ ತೋರಿಸ್ತೀರಾ?" ಎಂದರು.